ಓದುಗರ ಪ್ರಶ್ನೆ: ಕಾಡಿನ ಉರುವಲನ್ನು ಯಾರು ಖಾಲಿ ಮಾಡಬೇಕು?

ಕಳೆದ ಸಂಚಿಕೆಯಲ್ಲಿ ಯಾರೋ ಕಾಡ್ಗಿಚ್ಚಿನ ಬಗ್ಗೆ ಕೇಳಿದ್ದರು. "ಕೆಲವು ಕಾಡುಗಳಲ್ಲಿ ಸಣ್ಣ ಮರ ಕಡಿದು, ನೆಲಕ್ಕೆ ಸಣ್ಣಗೆ ಬೆಂಕಿ ಕೊಡುವುದೇ ದೊಡ್ಡ ಬೆಂಕಿಗೆ ಮದ್ದು" ಅಂತ ಒಂದೇ ಸಾಲು ಬರೆದು ಮುಂದೆ ಹೋಗಿದ್ದೆ. ಅದೇ ತಪ್ಪಾಯಿತು. ಬಂದ ಪತ್ರಗಳಲ್ಲಿ ಅರ್ಧ ಬೈಗುಳ, ಅರ್ಧ ಒಳ್ಳೆಯ ಪ್ರಶ್ನೆ. ಬೈಗುಳ ನನ್ನ ಹತ್ತಿರವೇ ಇರಲಿ, ಪ್ರಶ್ನೆಗಳಿಗೆ ಈ ಸಲದ ಪೂರ್ತಿ ಅಂಕಣ ಬಿಟ್ಟುಕೊಟ್ಟಿದ್ದೇನೆ.

ಪ್ರ: ಕಾಡು ಉಳಿಸೋದಕ್ಕೆ ಕಾಡಿಗೇ ಬೆಂಕಿ ಇಡಬೇಕಾ? ತಲೆ ಸರಿ ಇದೆಯಾ ಸಾರ್?

ಉ: ಸರಿ ಇದೆ ಅಂತಲೇ ಅಂದುಕೊಂಡಿದ್ದೇನೆ. ಒಮ್ಮೆಯಾದರೂ ಸೌದೆ ಒಲೆ ಹಚ್ಚಿದವರಿಗೆ ಇದನ್ನು ಹೇಳುವುದು ಸುಲಭ. ದಪ್ಪ ಕೊರಡಿಗೆ ಬೆಂಕಿಕಡ್ಡಿ ಗೀರಿ ಹಿಡಿಯಿರಿ, ಕಡ್ಡಿ ಆರುತ್ತದೆ, ಕೊರಡು ಹಾಗೇ ಕೂತಿರುತ್ತದೆ. ಮೊದಲು ತರಗು, ಆಮೇಲೆ ಪುಳ್ಳೆ, ಆಮೇಲೆ ಬೆರಳು ಗಾತ್ರದ ಕಡ್ಡಿ, ಕೊನೆಗೆ ಸೌದೆ. ಕಾಡಿನ ಬೆಂಕಿಯೂ ಇದೇ ಮೆಟ್ಟಿಲು ಹತ್ತುತ್ತದೆ.

ಕಾಡ್ಗಿಚ್ಚಿನ ಕೆಲಸದವರು ಉರುವಲನ್ನು ಗಂಟೆಯ ಲೆಕ್ಕದಲ್ಲಿ ಹೇಳುತ್ತಾರೆ. ಹುಲ್ಲು, ಒಣ ಎಲೆ, 6 ಮಿಲಿಮೀಟರ್‌ಗಿಂತ ತೆಳುವಾದ ಕಡ್ಡಿ ಎಲ್ಲ ಒಂದು ಗಂಟೆಯ ಉರುವಲು. ಅಂದರೆ ಗಾಳಿಯ ತೇವ ಇಳಿದರೆ ಒಂದು ಗಂಟೆಯ ಆಸುಪಾಸಿನಲ್ಲಿ ಅದೂ ಒಣಗಿ ಹೊತ್ತಿಕೊಳ್ಳಲು ತಯಾರು. 25 ಮಿಲಿಮೀಟರ್ ತನಕದ್ದು ಹತ್ತು ಗಂಟೆಯದು, 75ರ ತನಕದ್ದು ನೂರು ಗಂಟೆಯದು, ಅದಕ್ಕಿಂತ ದಪ್ಪಗೆ ಬಿದ್ದಿರುವ ದಿಮ್ಮಿ ಸಾವಿರ ಗಂಟೆಯದು. ಹಾಗಾಗಿ ನಿನ್ನೆ ಮಳೆ ಬಂದಿತ್ತು, ಇವತ್ತು ಬೆಂಕಿ ಬೀಳಲ್ಲ ಅನ್ನುವ ಮಾತು ದಿಮ್ಮಿಗೆ ಸರಿ ಇರಬಹುದು, ಹುಲ್ಲಿಗೆ ಅಲ್ಲ.

ಇನ್ನು ಬೆಂಕಿಯ ಓಟ ನಿಂತಿರುವುದು ಮೂರರ ಮೇಲೆ: ಹವೆ, ನೆಲದ ಇಳಿಜಾರು, ಉರುವಲು. ಗಾಳಿಯನ್ನು ಯಾರೂ ನಿಲ್ಲಿಸಲಾರರು. ಗುಡ್ಡವನ್ನು ಮಟ್ಟ ಮಾಡುವುದಂತೂ ಆಗದ ಮಾತು, ಬೆಂಕಿಗೆ ಏರು ಅಂದರೆ ಪ್ರಾಣ, ಇಳಿಜಾರು ಹತ್ತು ಡಿಗ್ರಿ ಜಾಸ್ತಿಯಾದರೆ ಮೇಲ್ಮುಖವಾಗಿ ಓಡುವ ಬೆಂಕಿಯ ವೇಗ ಸುಮಾರು ಎರಡು ಪಟ್ಟಾಗುತ್ತದೆ ಅನ್ನುವುದು ಹಳೆಯ ಲೆಕ್ಕ. ಉಳಿದದ್ದು ಉರುವಲು ಒಂದೇ. ನಮ್ಮ ಕೈಗೆ ಸಿಗುವುದೂ ಅದೊಂದೇ.

ಉರುವಲಿನಲ್ಲಿ ಎಷ್ಟಿದೆ ಅನ್ನುವುದಕ್ಕಿಂತ ಹೇಗೆ ಜೋಡಿಸಿಕೊಂಡಿದೆ ಅನ್ನುವುದು ಮುಖ್ಯ. ನೆಲದಲ್ಲಿ ತರಗು, ಅದರ ಮೇಲೆ ಪೊದೆ, ಪೊದೆಯ ಪಕ್ಕ ಆಳೆತ್ತರದ ಸಣ್ಣ ಮರ, ಅದರ ತುದಿಗೆ ತಾಗುವ ದೊಡ್ಡ ಮರದ ಕೆಳಗೊಂಬೆ. ಏಣಿ ತಯಾರಾಯಿತಲ್ಲ! ನೆಲದಲ್ಲಿ ಮೊಣಕಾಲೆತ್ತರ ಉರಿಯುತ್ತಿದ್ದದ್ದು ಈ ಏಣಿ ಹತ್ತಿ ಮರದ ನೆತ್ತಿಗೆ ಹೋದರೆ, ನೆತ್ತಿಗಳು ಒಂದಕ್ಕೊಂದು ತಾಗಿಕೊಂಡಿದ್ದರೆ, ಆಮೇಲೆ ಅದನ್ನು ಎದುರಿಗೆ ನಿಂತು ಆರಿಸುವವರು ಯಾರೂ ಇಲ್ಲ. ಮರ ತೆಳು ಮಾಡುವುದು ಅಂದರೆ ಈ ಏಣಿ ತೆಗೆಯುವುದು. ಸಣ್ಣ ಬೆಂಕಿ ಕೊಡುವುದು ಅಂದರೆ ಏಣಿಯ ಕೆಳಗಿನ ತರಗನ್ನು ನಾವು ಗೊತ್ತು ಮಾಡಿದ ದಿನ, ನಮಗೆ ಬೇಕಾದ ಗಾಳಿಯಲ್ಲಿ ಸುಟ್ಟು ಮುಗಿಸುವುದು.

ಪ್ರ: ಲಕ್ಷಾಂತರ ವರ್ಷ ಕಾಡು ತನ್ನಷ್ಟಕ್ಕೆ ತಾನು ಇತ್ತಲ್ಲ, ಆಗ ಯಾರು ತೆಳು ಮಾಡುತ್ತಿದ್ದರು?

ಉ: ಬೆಂಕಿಯೇ ಮಾಡುತ್ತಿತ್ತು. ಜೊತೆಗೆ ಮನುಷ್ಯರೂ.

ಅಮೆರಿಕದ ಪಶ್ಚಿಮದಲ್ಲಿ ಪಾಂಡರೋಸಾ ಪೈನ್ ಅಂತ ಒಂದು ಮರ ಇದೆ. ದಪ್ಪ ತೊಗಟೆ, ಕೆಳಗೊಂಬೆಗಳನ್ನು ತಾನೇ ಉದುರಿಸಿಕೊಳ್ಳುತ್ತದೆ. ಬುಡದಲ್ಲಿ ಬೆಂಕಿ ಹಾದುಹೋದಾಗ ಮರ ಸಾಯುವುದಿಲ್ಲ, ಒಂದು ಸುಟ್ಟ ಗಾಯ ಆಗುತ್ತದೆ, ಅದು ಆ ವರ್ಷದ ಉಂಗುರದಲ್ಲಿ ಕೂತುಬಿಡುತ್ತದೆ. ಹಳೆಯ ಬುಡಗಳನ್ನು ಕೊಯ್ದು ಗಾಯ ಎಣಿಸಿದರೆ ಎಷ್ಟೋ ಕಡೆ ಐದರಿಂದ ಇಪ್ಪತ್ತೈದು ವರ್ಷಕ್ಕೊಮ್ಮೆ ಬೆಂಕಿ ಬಂದುಹೋದ ಲೆಕ್ಕ ಸಿಗುತ್ತದೆ. ಸಿಡಿಲು ಹಚ್ಚಿದ್ದು ಕೆಲವು, ಅಲ್ಲಿನ ಮೂಲನಿವಾಸಿಗಳು ಹಚ್ಚಿದ್ದು ಕೆಲವು. ಉತ್ತರ ಕ್ಯಾಲಿಫೋರ್ನಿಯಾದ ಕರುಕ್, ಯುರೋಕ್ ಜನ ಹೇಝಲ್ ಪೊದೆಗಳನ್ನು ಸುಡುತ್ತಿದ್ದರು, ಸುಟ್ಟ ಬುಡದಿಂದ ನೆಟ್ಟಗೆ ಚಿಗುರುವ ಕಡ್ಡಿಯೇ ಬುಟ್ಟಿ ಹೆಣೆಯಲು ಚೆನ್ನಾಗಿರುವುದು. ಓಕ್ ಮರದ ಕೆಳಗೆ ಸುಟ್ಟರೆ ಕಾಯಿ ಕೊರೆಯುವ ಹುಳವೂ ಕಡಿಮೆ. ಇದನ್ನು ಅಪರಾಧ ಮಾಡಿದ್ದು ಕ್ಯಾಲಿಫೋರ್ನಿಯಾದ 1850ರ ಒಂದು ಕಾನೂನು. ಬುಟ್ಟಿ ಹೆಣೆಯುವವರ ಕೈಯಿಂದ ಬೆಂಕಿ ಕಿತ್ತುಕೊಂಡ ಮೇಲೆ ಪೊದೆಯನ್ನು ಯಾರು ಸವರಬೇಕು ಅಂತ ಆಗ ಯಾರೂ ಯೋಚಿಸಲಿಲ್ಲ.

ಆಮೇಲೆ ಬಂತು 1910. ಆಗಸ್ಟ್ 20, 21, ಎರಡು ದಿನ. ಐಡಾಹೊ, ಮೊಂಟಾನಾ ಕಡೆ ಸುಮಾರು 30 ಲಕ್ಷ ಎಕರೆ ಹೋಯಿತು, 85ಕ್ಕೂ ಹೆಚ್ಚು ಜನ ಸತ್ತರು, ಅವರಲ್ಲಿ ಬಹುಪಾಲು ಬೆಂಕಿ ಆರಿಸಲು ಹೋದವರೇ. (ಆ ಬೆಂಕಿಯಲ್ಲಿ ತನ್ನ ತಂಡವನ್ನು ಒಂದು ಗಣಿಯ ಸುರಂಗಕ್ಕೆ ನುಗ್ಗಿಸಿ ಬಹುಪಾಲು ಜನರನ್ನು ಉಳಿಸಿದ ಎಡ್ ಪುಲಾಸ್ಕಿಯ ಹೆಸರು ಇವತ್ತಿಗೂ ಒಂದು ಹತಾರಕ್ಕಿದೆ. ಒಂದು ಕಡೆ ಕೊಡಲಿ, ಇನ್ನೊಂದು ಕಡೆ ಗುದ್ದಲಿ. ಬೆಂಕಿ ಆರಿಸುವವರ ಕೈಯಲ್ಲಿ ಈಗಲೂ ಅದೇ.) ಅಮೆರಿಕದ ಅರಣ್ಯ ಸೇವೆಗೆ ಆಗ ಐದು ವರ್ಷ ವಯಸ್ಸು. ಈ ಪೆಟ್ಟಿನಿಂದ ಅದು ಕಲಿತ ಪಾಠ ಒಂದೇ: ಯಾವ ಬೆಂಕಿಯನ್ನೂ ಬಿಡಬಾರದು. 1935ರಲ್ಲಿ ನಿಯಮವೇ ಬಂತು, ಇವತ್ತು ಕಂಡ ಬೆಂಕಿ ನಾಳೆ ಬೆಳಗ್ಗೆ ಹತ್ತು ಗಂಟೆಯೊಳಗೆ ಹತೋಟಿಗೆ ಬಂದಿರಬೇಕು. 1944ರಲ್ಲಿ ಕಾಡ್ಗಿಚ್ಚು ತಡೆಯಿರಿ ಅಂತ ಜನರಿಗೆ ಹೇಳುವ, ಟೋಪಿ ಹಾಕಿದ ಸ್ಮೋಕಿ ಕರಡಿ ಪೋಸ್ಟರಿಗೆ ಬಂತು. ಹತ್ತು ಗಂಟೆಯ ನಿಯಮ ಹೋದದ್ದು 1978ರಲ್ಲಿ. ಅಷ್ಟು ಹೊತ್ತಿಗೆ ಎಕರೆಗೆ ಕೆಲವೇ ದೊಡ್ಡ ಮರ ಇದ್ದ ಕಡೆ ನೂರಾರು ಸಣಕಲು ಮರ ಎದ್ದು ನಿಂತಿದ್ದವು. ಬೆಂಕಿ ಆರಿಸುವುದರಲ್ಲಿ ಗೆದ್ದದ್ದೇ ತೊಂದರೆಯಾಯಿತು ನೋಡಿ. ಸುಲಭದ ಬೆಂಕಿಗಳನ್ನೆಲ್ಲ ಆರಿಸಿ, ಆರಿಸಲಾಗದ ಬೆಂಕಿಗೆ ಉರುವಲು ಕೂಡಿಟ್ಟುಕೊಟ್ಟ ಹಾಗೆ.

ಇದನ್ನು ಮೊದಲೇ ಹೇಳಿದವರು ಇರಲಿಲ್ಲ ಅಂತಲ್ಲ. ಕ್ಯಾಲಿಫೋರ್ನಿಯಾದ ಬರ್ಕ್ಲಿ ವಿಶ್ವವಿದ್ಯಾಲಯದ ಪ್ರೊಫೆಸರ್ ಹೆರಾಲ್ಡ್ ಬಿಸ್ವೆಲ್ ದಶಕಗಟ್ಟಲೆ ಹೇಳಿದರು, 'ಪಂಜಿನ ಹ್ಯಾರಿ' ಅಂತ ಅಡ್ಡಹೆಸರು ಸಿಕ್ಕಿತು. 1968ರಲ್ಲಿ ಸಿಕ್ವೊಯಾ ಮರಗಳಿರುವ ರಾಷ್ಟ್ರೀಯ ಉದ್ಯಾನದಲ್ಲಿ ಅಧಿಕೃತವಾಗಿಯೇ ಸುಡುವುದು ಶುರುವಾಯಿತು. ಆ ದೈತ್ಯ ಮರದ ಕಾಯಿಗಳು ಒಟ್ಟಿಗೆ ಬಿರಿದು ಬೀಜ ಸುರಿಯಬೇಕಾದರೆ ಬೆಂಕಿಯ ಶಾಖ ಬೇಕು, ಬೀಜ ಮೊಳೆಯಲು ತರಗಿಲ್ಲದ ಬರಿ ಮಣ್ಣು ಬೇಕು. ಎರಡನ್ನೂ ಕೊಡುವುದು ಬೆಂಕಿಯೇ.

ಪ್ರ: ತೆಳು ಮಾಡುವುದು ಅಂತ ಹೆಸರಿಟ್ಟು ದಿಮ್ಮಿ ಸಾಗಿಸುವ ದಂಧೆ ಅಲ್ವಾ ಇದು?

ಉ: ಆಗಬಹುದು. ಈ ಅನುಮಾನ ಇಟ್ಟುಕೊಂಡಿರುವುದು ಒಳ್ಳೆಯದೇ, ಬಿಡಬೇಡಿ.

ನೋಡಬೇಕಾದದ್ದು ಇಷ್ಟು: ಯಾವ ಮರ ಹೋಗುತ್ತಿದೆ, ಯಾವುದು ಉಳಿಯುತ್ತಿದೆ? ಬೆಂಕಿಯ ಲೆಕ್ಕದಲ್ಲಿ ತೆಗೆಯಬೇಕಾದದ್ದು ಸಣ್ಣದು, ಸಣಕಲು, ಒತ್ತೊತ್ತಾಗಿ ಬೆಳೆದದ್ದು. ಅದಕ್ಕೆ ಮಾರುಕಟ್ಟೆಯಲ್ಲಿ ಬೆಲೆ ಇಲ್ಲ. ಬೆಲೆ ಇರುವುದು ದಪ್ಪ ತೊಗಟೆಯ ದೊಡ್ಡ ಮರಕ್ಕೆ, ಬೆಂಕಿ ತಡೆದುಕೊಳ್ಳುವ ಮರವೂ ಅದೇ. ಎರಡು ಲೆಕ್ಕವೂ ತದ್ವಿರುದ್ಧ. ಹಾಗಾಗಿ ಲಾರಿಯಲ್ಲಿ ಬರೀ ದೊಡ್ಡ ದಿಮ್ಮಿ ಹೋಗುತ್ತಿದ್ದು, ಕಾಡಿನೊಳಗೆ ಸಣ್ಣವು ನಿಂತೇ ಇದ್ದರೆ ಅದು ಬೇರೆ ವ್ಯವಹಾರ ಅಂತ ತಿಳಿಯಿರಿ.

ಎರಡನೆಯದು, ಇದು ನನಗೆ ಎಲ್ಲಕ್ಕಿಂತ ಮುಖ್ಯ ಅನ್ನಿಸುತ್ತದೆ: ಕಡಿದ ಮೇಲೆ ರೆಂಬೆ, ಸೊಪ್ಪು, ತುದಿ ಎಲ್ಲಿಗೆ ಹೋಯಿತು? ಕಡಿದು ಅಲ್ಲೇ ಬಿಟ್ಟರೆ ಮೇಲಿದ್ದ ಉರುವಲನ್ನು ನೆಲಕ್ಕೆ ಇಳಿಸಿ ಒಣಗಲು ಹರಡಿದ ಹಾಗಾಯಿತು ಅಷ್ಟೇ. ಮೇಲಾಗಿ ನೆರಳು ಕಡಿಮೆಯಾಗಿ ಬಿಸಿಲು ಒಳಗೆ ಬರುತ್ತದೆ, ಗಾಳಿಯೂ ಸರಾಗ. ಕೆಲಸ ಅರ್ಧಕ್ಕೆ ನಿಂತರೆ ಮುಂಚಿಗಿಂತ ಕೆಟ್ಟದ್ದೂ ಆಗಬಹುದು. ಅದಕ್ಕೇ ಕಡಿದ ಮೇಲೆ ಗುಡ್ಡೆ ಹಾಕಿ ಸುಡಬೇಕು, ಇಲ್ಲ ನೆಲದ ಮೇಲೆ ಹತೋಟಿಯ ಬೆಂಕಿ ಓಡಿಸಬೇಕು. ಅಮೆರಿಕದ ಪಶ್ಚಿಮದ ಕಾಡುಗಳ ಹತ್ತಾರು ಅಧ್ಯಯನಗಳನ್ನು ಸೇರಿಸಿ 2024ರಲ್ಲಿ ಒಂದು ಲೆಕ್ಕ ಬಂತು. ಕಡಿದು ಸುಟ್ಟ ಕಡೆ ಅಥವಾ ಬರೀ ಸುಟ್ಟ ಕಡೆ ಆಮೇಲೆ ಬಂದ ಕಾಡ್ಗಿಚ್ಚಿನ ತೀವ್ರತೆ ಶೇ. 62ರಿಂದ 72ರಷ್ಟು ಕಡಿಮೆ. ಬರೀ ಕಡಿದು ಬಿಟ್ಟ ಕಡೆ ಲಾಭ ಅಷ್ಟಿಲ್ಲ.

2021ರಲ್ಲಿ ಆರೆಗಾನ್‌ನ ಬೂಟ್‌ಲೆಗ್ ಬೆಂಕಿಯಲ್ಲೂ ಇದೇ ಕಂಡಿತು. ಸೈಕನ್ ಮಾರ್ಷ್ ಅನ್ನುವ ಜಾಗದಲ್ಲಿ ಒಂದು ಭಾಗ ತೆಳು ಮಾಡಿ ಸುಟ್ಟಿದ್ದರು, ಒಂದು ಭಾಗ ಬರೀ ತೆಳು ಮಾಡಿದ್ದರು, ಉಳಿದದ್ದು ಹಾಗೇ ಇತ್ತು. ನೆತ್ತಿಯಲ್ಲಿ ಓಡುತ್ತಿದ್ದ ಬೆಂಕಿ ಸುಟ್ಟ ಭಾಗಕ್ಕೆ ಬಂದಾಗ ನೆಲಕ್ಕೆ ಇಳಿಯಿತು. ಮರಗಳು ಹಸಿರಾಗೇ ಉಳಿದವು.

ಪ್ರ: ಬೇಕೆಂದೇ ಹಚ್ಚುವ ಬೆಂಕಿಯನ್ನು ಹೇಗೆ ಹಚ್ಚುತ್ತಾರೆ? ಸುಮ್ನೆ ಒಂದು ಕಡ್ಡಿ ಗೀರಿ ಎಸೆಯುವುದಾ?

ಉ: ಗೀರುವ ಕೆಲಸ ಕೊನೆಯದು. ಅದಕ್ಕಿಂತ ಮುಂಚೆ ತಿಂಗಳುಗಟ್ಟಲೆ ಕಾಗದದ ಕೆಲಸ. ಯಾವ ಜಾಗ, ಅದರ ಗಡಿ ಯಾವುದು, ಜ್ವಾಲೆ ಎಷ್ಟು ಎತ್ತರ ಇರಬೇಕು, ಗಾಳಿ ಯಾವ ದಿಕ್ಕಿನಿಂದ ಎಷ್ಟು, ಗಾಳಿಯ ತೇವ ಎಷ್ಟರಿಂದ ಎಷ್ಟರೊಳಗೆ, ಹೊಗೆ ಯಾವ ರಸ್ತೆ, ಯಾವ ಊರಿನ ಕಡೆ ಹೋಗುತ್ತದೆ, ತಪ್ಪಿಸಿಕೊಂಡರೆ ಎಷ್ಟು ಜನ ಎಷ್ಟು ಹೊತ್ತಿನಲ್ಲಿ ಬರಬೇಕು, ಎಲ್ಲ ಬರೆದಿಟ್ಟಿರಬೇಕು. ಅವತ್ತಿನ ಹವೆ ಈ ಚೌಕಟ್ಟಿನೊಳಗೆ ಇಲ್ಲದಿದ್ದರೆ ಬಂದ ಜನ ವಾಪಸ್ ಹೋಗಬೇಕು. ವರ್ಷದಲ್ಲಿ ಚೌಕಟ್ಟಿಗೆ ಕೂರುವ ದಿನಗಳು ಕೈಬೆರಳಲ್ಲಿ ಎಣಿಸುವಷ್ಟೇ ಇರುವ ಕಡೆಗಳೂ ಇವೆ.

ಗಾಳಿಯೇ ಇಲ್ಲದ ದಿನ ಒಳ್ಳೆಯದು ಅಂತ ನಾನೂ ಅಂದುಕೊಂಡಿದ್ದೆ. ಅಲ್ಲವಂತೆ. ಗಾಳಿ ನಿಂತಿದ್ದರೆ ಬೆಂಕಿ ಯಾವ ಕಡೆ ತಿರುಗುತ್ತದೋ ಹೇಳಲಾಗದು, ಹೊಗೆಯೂ ಅಲ್ಲೇ ಕೂರುತ್ತದೆ. ಒಂದೇ ದಿಕ್ಕಿನಿಂದ ಮೆಲ್ಲಗೆ ಬೀಸುವ ಗಾಳಿ ಬೇಕು.

ಜಾಗದ ಸುತ್ತ ಮಣ್ಣು ಕಾಣುವ ತನಕ ಕೆರೆದು ಬೆಂಕಿ ರೇಖೆ ಮಾಡುತ್ತಾರೆ, ರಸ್ತೆಯೋ ಹೊಳೆಯೋ ಇದ್ದರೆ ಅದೇ ರೇಖೆ. ಮೊದಲು ಒಂದು ಮೂಲೆಯಲ್ಲಿ ಚೂರು ಹಚ್ಚಿ ಹೇಗೆ ಉರಿಯುತ್ತದೆ ನೋಡುತ್ತಾರೆ. ಸರಿ ಕಂಡರೆ ಗಾಳಿ ಹೋಗುವ ಕಡೆಯ ಅಂಚಿನಿಂದ, ಗುಡ್ಡವಾದರೆ ಮೇಲಿನ ಅಂಚಿನಿಂದ ಶುರು. ಅಂದರೆ ಬೆಂಕಿ ಗಾಳಿಗೆ ಎದುರಾಗಿ, ಇಳಿಮುಖವಾಗಿ, ತೆವಳಿಕೊಂಡು ಬರಬೇಕು. ಹೀಗೆ ಆ ಅಂಚಿನಲ್ಲಿ ಅಗಲವಾದ ಕಪ್ಪು ಪಟ್ಟಿ ಆದ ಮೇಲೆ ಒಳಗಡೆ ಸಾಲು ಸಾಲಾಗಿ ಹಚ್ಚುತ್ತಾ ಬರುತ್ತಾರೆ. ಒಂದೊಂದು ಸಾಲೂ ಸ್ವಲ್ಪ ದೂರ ಓಡಿ ಮುಂದಿನ ಕಪ್ಪಿಗೆ ಬಡಿದು ಸಾಯುತ್ತದೆ. ಸಾಲುಗಳ ನಡುವಿನ ಅಂತರವೇ ಜ್ವಾಲೆಯ ಎತ್ತರಕ್ಕೆ ಕಡಿವಾಣ, ದೂರ ಕೊಟ್ಟರೆ ಓಟ ಕಟ್ಟುತ್ತದೆ, ಹತ್ತಿರ ಇಟ್ಟರೆ ಕಟ್ಟುವಷ್ಟರಲ್ಲಿ ಜಾಗ ಮುಗಿಯುತ್ತದೆ. ಹಚ್ಚುವುದು ಡ್ರಿಪ್ ಟಾರ್ಚ್ ಅನ್ನುವ ಕ್ಯಾನಿನಿಂದ. ಡೀಸೆಲ್, ಪೆಟ್ರೋಲ್ ಬೆರೆಸಿದ್ದು ತೊಟ್ಟು ತೊಟ್ಟಾಗಿ ಉರಿಯುತ್ತಾ ಬೀಳುತ್ತದೆ.

ಇದನ್ನು ದಿನನಿತ್ಯದ ಕೆಲಸದ ಹಾಗೆ ಮಾಡುವವರು ಫ್ಲಾರಿಡಾದವರು. ಅಲ್ಲಿ ವರ್ಷಕ್ಕೆ ಸುಮಾರು 20 ಲಕ್ಷ ಎಕರೆ ಹೀಗೆ ಸುಡುತ್ತಾರೆ. ಉತ್ತರ ಆಸ್ಟ್ರೇಲಿಯಾದ ಆರ್ನ್ಹೆಮ್ ಲ್ಯಾಂಡ್‌ನಲ್ಲಿ ಮೂಲನಿವಾಸಿಗಳು ಒಣಗಾಲದ ಶುರುವಿನಲ್ಲೇ, ಹುಲ್ಲು ಇನ್ನೂ ಅರೆ ಹಸಿ ಇರುವಾಗ, ಅಲ್ಲಲ್ಲಿ ಚೌಕಳಿಯ ಹಾಗೆ ಸುಡುತ್ತಾರೆ. ಒಣಗಾಲದ ಕೊನೆಗೆ ದೊಡ್ಡ ಬೆಂಕಿ ಬಂದರೂ ಅದಕ್ಕೆ ಓಡಲು ದಾರಿ ಇರುವುದಿಲ್ಲ. ಹೀಗೆ ಹಸಿರುಮನೆ ಅನಿಲ ಕಡಿಮೆಯಾದದ್ದಕ್ಕೆ ಅವರಿಗೆ ದುಡ್ಡು ಕೊಡಲು 2006ರಲ್ಲಿ ಒಂದು ಅನಿಲ ಕಂಪನಿ ಒಪ್ಪಿಕೊಂಡಿತು.

ಪ್ರ: ತಪ್ಪಿಸಿಕೊಂಡರೆ?

ಉ: ತಪ್ಪಿಸಿಕೊಂಡಿದೆ. ಮುಚ್ಚಿಟ್ಟು ಹೇಳುವುದಿಲ್ಲ. 2000ದ ಮೇ 4ರಂದು ನ್ಯೂ ಮೆಕ್ಸಿಕೊದಲ್ಲಿ ಹಚ್ಚಿದ ಸೆರೊ ಗ್ರಾಂಡೆ ಬೆಂಕಿ ಲಾಸ್ ಅಲಮೊಸ್ ಊರಿಗೆ ನುಗ್ಗಿ 400ಕ್ಕೂ ಹೆಚ್ಚು ಕುಟುಂಬ ಮನೆ ಕಳೆದುಕೊಂಡವು. ಅದೇ ರಾಜ್ಯದಲ್ಲಿ 2022ರ ಏಪ್ರಿಲ್ 6ರಂದು ಇನ್ನೊಂದು ಕೈತಪ್ಪಿತು. ಹರ್ಮಿಟ್ಸ್ ಪೀಕ್ ಅಂತ ಅದರ ಹೆಸರು. ಆಮೇಲೆ ಕಾಫ್ ಕ್ಯಾನಿಯನ್ ಅನ್ನುವ ಬೆಂಕಿಯೂ ಸೇರಿಕೊಂಡು 3.4 ಲಕ್ಷ ಎಕರೆ ಸುಟ್ಟಿತು, ಆ ರಾಜ್ಯದ ಇತಿಹಾಸದಲ್ಲೇ ದೊಡ್ಡದು. ಅರಣ್ಯ ಸೇವೆ ದೇಶದುದ್ದಕ್ಕೂ 90 ದಿನ ಈ ಕೆಲಸ ನಿಲ್ಲಿಸಬೇಕಾಯಿತು.

ಅದೇ ಅರಣ್ಯ ಸೇವೆಯ ಲೆಕ್ಕದಲ್ಲಿ ಹೀಗೆ ಹಚ್ಚಿದ ಬೆಂಕಿಗಳಲ್ಲಿ ಶೇ. 99.84 ಅಂದುಕೊಂಡ ಹಾಗೇ ನಡೆಯುತ್ತವೆ. ಅಂಕಿ ಚೆನ್ನಾಗಿದೆ. ಆದರೆ ಮನೆ ಸುಟ್ಟವರ ಮುಂದೆ ಹೋಗಿ ಈ ಅಂಕಿ ಹೇಳುವ ಧೈರ್ಯ ನನಗಿಲ್ಲ. ಹಚ್ಚದೇ ಇದ್ದರೂ ಆ ಉರುವಲು ಒಂದಲ್ಲ ಒಂದು ದಿನ ಉರಿಯುತ್ತದೆ, ಅದೂ ಗಾಳಿ ಜೋರಿರುವ ದಿನವೇ ಉರಿಯುತ್ತದೆ ಅನ್ನುವುದೂ ನಿಜ. ಹಚ್ಚಿದ ಬೆಂಕಿಗೆ ಹೊಣೆಗಾರರಿರುತ್ತಾರೆ, ಹಚ್ಚದೆ ಬಿಟ್ಟದ್ದಕ್ಕೆ ಯಾರನ್ನೂ ಕೇಳುವುದಿಲ್ಲ. ಅಧಿಕಾರಿಗಳು ಯಾಕೆ ಸುಮ್ಮನೆ ಕೂರುತ್ತಾರೆ ಅನ್ನುವುದಕ್ಕೆ ಬೇರೆ ಉತ್ತರ ಹುಡುಕಬೇಕಿಲ್ಲ.

ಪ್ರ: ಹಾಗಾದರೆ ಎಲ್ಲ ಕಾಡಿಗೂ ಇದೇ ಔಷಧಿಯೇ?

ಉ: ಅಲ್ಲವೇ ಅಲ್ಲ. ಇದನ್ನು ದಪ್ಪ ಅಕ್ಷರದಲ್ಲಿ ಓದಿಕೊಳ್ಳಿ. ಲಾಡ್ಜ್‌ಪೋಲ್ ಪೈನ್ ಕಾಡು ಹುಟ್ಟಿನಿಂದಲೇ ಒತ್ತೊತ್ತು, ನೂರಾರು ವರ್ಷಕ್ಕೊಮ್ಮೆ ಪೂರ್ತಿ ಉರಿದು, ಅಂಟಿನಿಂದ ಮುಚ್ಚಿಕೊಂಡ ಕಾಯಿ ಆ ಶಾಖಕ್ಕೆ ಬಿಚ್ಚಿ ಮತ್ತೆ ಏಳುವ ಕಾಡು ಅದು. 1988ರಲ್ಲಿ ಯೆಲ್ಲೊಸ್ಟೋನ್ ಉದ್ಯಾನದ ಶೇ. 36ರಷ್ಟು ಸುಟ್ಟಾಗ ಎಲ್ಲ ಮುಗಿಯಿತು ಅಂದರು, ಮುಗಿಯಲಿಲ್ಲ, ಸಸಿಗಳು ತಾವಾಗಿಯೇ ಎದ್ದವು. ದಕ್ಷಿಣ ಕ್ಯಾಲಿಫೋರ್ನಿಯಾದ ಚಾಪರಲ್ ಪೊದೆಕಾಡನ್ನು ಪದೇ ಪದೇ ಸುಟ್ಟರೆ ಪೊದೆ ಹೋಗಿ ಹೊರಗಿನ ಹುಲ್ಲು ಬರುತ್ತದೆ, ಹುಲ್ಲು ಇನ್ನೂ ಬೇಗ ಹೊತ್ತುತ್ತದೆ. ಸದಾ ಒದ್ದೆ ಇರುವ ಮಳೆಕಾಡಿನ ಮರಗಳಿಗೆ ತೆಳು ತೊಗಟೆ, ಪಾದದೆತ್ತರದ ಬೆಂಕಿಗೂ ಸಾಯುತ್ತವೆ. ಅರೆಕೊಳೆತ ಗಿಡಗಳೇ ಮಣ್ಣಾಗಿರುವ ಪೀಟ್ ನೆಲಕ್ಕಂತೂ ಕಡ್ಡಿ ತೋರಿಸಲೇಬಾರದು, ಮಣ್ಣೇ ಉರುವಲು ಅಲ್ಲಿ, ಒಳಗೊಳಗೇ ತಿಂಗಳುಗಟ್ಟಲೆ ಉರಿಯುತ್ತದೆ.

ಇಷ್ಟು ಎಕರೆ ಸುಡಲೇಬೇಕು ಅಂತ ಗುರಿ ಇಟ್ಟುಕೊಂಡರೂ ಕಷ್ಟವೇ. 2009ರ ಫೆಬ್ರುವರಿ 7ರಂದು ಆಸ್ಟ್ರೇಲಿಯಾದ ವಿಕ್ಟೋರಿಯಾದಲ್ಲಿ 173 ಜನ ಸತ್ತ ಮೇಲೆ, ಸರ್ಕಾರಿ ಜಾಗದ ಕನಿಷ್ಠ ಶೇ. 5ರಷ್ಟನ್ನು ವರ್ಷಾ ವರ್ಷ ಸುಡಬೇಕು ಅಂತ ವಿಚಾರಣಾ ಆಯೋಗ ಹೇಳಿತು. ಎಕರೆ ಲೆಕ್ಕ ಮುಟ್ಟಿಸಬೇಕು ಅಂದರೆ ದೂರದಲ್ಲಿರುವ, ಸುಲಭಕ್ಕೆ ಸುಡುವ ದೊಡ್ಡ ಜಾಗ ಹುಡುಕುವ ಆಸೆ ಆಗುತ್ತದೆ. ಊರಂಚಿನ ಸಣ್ಣ, ಕಷ್ಟದ ತುಂಡು ಹಾಗೇ ಉಳಿಯುತ್ತದೆ. ಕೆಲವು ವರ್ಷದ ಮೇಲೆ ಆ ಗುರಿ ಬಿಟ್ಟು, ಅಪಾಯ ಎಷ್ಟು ಇಳಿಯಿತು ಅನ್ನುವ ಲೆಕ್ಕಕ್ಕೆ ಬಂದರು.

ಪ್ರ: ಬೆಂಕಿಯೂ ಬೇಡ, ಗರಗಸವೂ ಬೇಡ, ಮೇಕೆ ಬಿಟ್ಟರೆ ಆಗದೇ?

ಉ: ಕೆಲವು ಕಡೆ ಆಗುತ್ತದೆ, ಪೋರ್ಚುಗಲ್, ಕ್ಯಾಲಿಫೋರ್ನಿಯಾಗಳಲ್ಲಿ ಬಿಟ್ಟಿದ್ದಾರೆ ಕೂಡ. ಪೊದೆ, ಹುಲ್ಲು ಚೆನ್ನಾಗಿ ಸವರುತ್ತವೆ. ಆದರೆ ಒಣ ತರಗು, ಬಿದ್ದ ಕೊಂಬೆ ತಿನ್ನುವುದಿಲ್ಲ, ಬೇಕಾದ ಸಸಿ ಯಾವುದು ಬೇಡದ್ದು ಯಾವುದು ಅಂತ ಕೇಳುವುದೂ ಇಲ್ಲ. ಮೇಕೆಯ ಜೊತೆ ಮೇಕೆ ಕಾಯುವವರೂ ಬೇಕು.

ಪ್ರ: ನಮ್ಮ ಮನೆ ಕಾಡಿನ ಅಂಚಿನಲ್ಲಿದೆ. ನಾವೇ ಸುತ್ತಲಿನ ತರಗು ಸುಟ್ಟುಬಿಡಬಹುದಾ?

ಉ: ಬೇಡ. ದಯವಿಟ್ಟು ಬೇಡ. ಮೇಲೆ ಬರೆದದ್ದನ್ನೆಲ್ಲ ಓದಿಯೂ ಈ ಪ್ರಶ್ನೆ ಬಂದರೆ ನಾನು ಸರಿಯಾಗಿ ಬರೆದಿಲ್ಲ ಅಂತ ಅರ್ಥ. ಗುಡಿಸಿ, ಒಟ್ಟು ಮಾಡಿ, ಸಾಗಿಸಿ, ಗೊಬ್ಬರದ ಗುಂಡಿಗೆ ಹಾಕಿ.

ಮನೆ ಉಳಿಸುವ ಕೆಲಸ ಕಾಡಿನಲ್ಲಿ ಇರುವುದಕ್ಕಿಂತ ಜಾಸ್ತಿ ಮನೆಯ ಗೋಡೆಯ ಪಕ್ಕದಲ್ಲೇ ಇದೆ. ಬೆಂಕಿಯ ಗೋಡೆ ಬಂದು ಮನೆ ನುಂಗುವುದು ಅಪರೂಪ. ಮುಂಚೆ ಬರುವುದು ಕಿಡಿ, ಗಾಳಿಯಲ್ಲಿ ಎಷ್ಟೋ ದೂರದಿಂದ ಹಾರಿ ಬರುತ್ತದೆ. ಚಾವಣಿಯ ಸಂದಿಯ ತರಗಿಗೋ, ಬಾಗಿಲ ಮುಂದಿನ ನಾರಿನ ಚಾಪೆಗೋ, ಗೋಡೆಗೆ ಒರಗಿಸಿದ ಸೌದೆಗೋ ಬಿದ್ದರೆ ಸಾಕು. 2018ರ ನವೆಂಬರ್ 8ರಂದು ಕ್ಯಾಲಿಫೋರ್ನಿಯಾದ ಪ್ಯಾರಡೈಸ್ ಊರು ಸುಟ್ಟು 85 ಜನ ಸತ್ತರಲ್ಲ, ಅಲ್ಲಿ ಎಷ್ಟೋ ಕಡೆ ಮನೆ ಬೂದಿ, ಪಕ್ಕದ ಮರ ಹಸಿರು. ಹಾಗಾಗಿ ಮೊದಲ ಐದು ಅಡಿಯಲ್ಲಿ ಹೊತ್ತುವಂಥದ್ದು ಏನೂ ಇರಬಾರದು. ಅಲ್ಲಿಂದ ಮೂವತ್ತು ಅಡಿ ತನಕ ಪೊದೆ, ಮರ ಬಿಡಿಬಿಡಿಯಾಗಿರಲಿ, ನೂರು ಅಡಿ ತನಕ ಏಣಿ ತೆಗೆಯಿರಿ. ಮೊದಲ ಐದು ಅಡಿಯನ್ನು ಇವತ್ತೇ ಮಾಡಬಹುದು, ಪೊರಕೆ ಸಾಕು.

ಪ್ರ: ಹೊಗೆ ಕುಡಿಯುವವರು ನಾವು. ಪ್ರಾಣಿಗಳ ಗತಿ ಏನು?

ಉ: ಹೊಗೆ ಹೊಗೆಯೇ, ಒಳ್ಳೆಯ ಹೊಗೆ ಅಂತ ಇಲ್ಲ. ಆಸ್ತಮಾ ಇರುವವರಿಗೆ, ಮಕ್ಕಳಿಗೆ, ವಯಸ್ಸಾದವರಿಗೆ ಮುಂಚೆಯೇ ತಿಳಿಸಬೇಕು. ವ್ಯತ್ಯಾಸ ಇಷ್ಟೇ, ಇದು ದಿನಾಂಕ ಹೇಳಿ ಬರುವ, ಒಂದೆರಡು ದಿನದ ಹೊಗೆ. ಕಾಡ್ಗಿಚ್ಚಿನದು ವಾರಗಟ್ಟಲೆ, ಸುಟ್ಟ ಮನೆಗಳ ಪ್ಲಾಸ್ಟಿಕ್, ಬಣ್ಣ ಎಲ್ಲ ಸೇರಿಕೊಂಡು ಬರುವುದು.

ಮೆಲ್ಲಗೆ ತೆವಳುವ ಬೆಂಕಿಯಿಂದ ಬಹುಪಾಲು ಪ್ರಾಣಿಗಳು ದೂರ ಸರಿಯುತ್ತವೆ, ಬಿಲದೊಳಗೆ ಇಳಿದರೂ ಸಾಕು, ಕೆಲವೇ ಅಂಗುಲ ಕೆಳಗೆ ಮಣ್ಣು ಬಿಸಿಯಾಗುವುದಿಲ್ಲ. ಗೂಡು ಕಟ್ಟುವ ಕಾಲದಲ್ಲಿ ನೆಲದ ಹಕ್ಕಿಗಳಿಗೆ ಅಪಾಯ ಇದ್ದೇ ಇದೆ, ಅದಕ್ಕೇ ಒಮ್ಮೆಗೇ ಪೂರ್ತಿ ಸುಡದೆ ತುಂಡು ತುಂಡಾಗಿ ಸುಡುವುದು.

ಪ್ರ: ಒಂದು ಸಲ ಸುಟ್ಟರೆ ಮುಗಿಯಿತಲ್ಲ?

ಉ: ಕಾಡು ಬೆಳೆಯುವುದನ್ನು ನಿಲ್ಲಿಸುವುದಿಲ್ಲವಲ್ಲ. ಫ್ಲಾರಿಡಾದ ಲಾಂಗ್‌ಲೀಫ್ ಪೈನ್ ಕಾಡಿಗೆ ಎರಡು ಮೂರು ವರ್ಷಕ್ಕೊಮ್ಮೆ, ಪಾಂಡರೋಸಾ ಕಾಡಿಗೆ ಹತ್ತು ಹದಿನೈದು ವರ್ಷಕ್ಕೊಮ್ಮೆ ಬೇಕು. ಮೊದಲ ಸಲ ಮಾಡಲು ಎಲ್ಲರಿಗೂ ಉತ್ಸಾಹ ಇರುತ್ತದೆ. ಎರಡನೇ ಸಲಕ್ಕೆ ದುಡ್ಡು ಕೇಳಿ ನೋಡಿ.

ಪ್ರ: ಕೊನೆಯ ಪ್ರಶ್ನೆ. ಆರಿತು ಅಂತ ಹೇಗೆ ಗೊತ್ತಾಗುತ್ತದೆ?

ಉ: ಇದನ್ನು ಕೇಳಿದವರಿಗೆ ಥ್ಯಾಂಕ್ಸ್, ಯಾಕೆಂದರೆ ಕಾಫ್ ಕ್ಯಾನಿಯನ್ ಶುರುವಾದದ್ದೇ ಇಲ್ಲಿ. 2022ರ ಜನವರಿಯಲ್ಲಿ ತೆಳು ಮಾಡಿದ ಕಟ್ಟಿಗೆಯನ್ನು ಗುಡ್ಡೆ ಹಾಕಿ ಸುಟ್ಟಿದ್ದರು. ಆಮೇಲೆ ಮೂರು ಸಲ ಹಿಮ ಬಿತ್ತು. ಆರಿದೆ ಅಂತಲೇ ಎಲ್ಲರೂ ತಿಳಿದಿದ್ದರು. ಹಿಮದ ಕೆಳಗೆ ಕೆಂಡ ಬೂದಿ ಹೊದ್ದು ಕೂತಿತ್ತು. ಏಪ್ರಿಲ್‌ನಲ್ಲಿ ಒಣ ಗಾಳಿ ಬಂದಾಗ ಎದ್ದಿತು.

ಹಾಗಾಗಿ ಕಣ್ಣಿಗೆ ಹೊಗೆ ಕಾಣದಿದ್ದರೆ ಸಾಲದು. ಈಗ ಕೆಲವರು ಶಾಖ ತೋರಿಸುವ ಕ್ಯಾಮೆರಾ ಹಿಡಿದು ನೋಡುತ್ತಾರೆ. ಹಳೆಯ ಕ್ರಮವೂ ಇನ್ನೂ ಇದೆ: ಗ್ಲೌಸ್ ಕಳಚಿ, ಬೂದಿಯ ಹತ್ತಿರ ಬರಿಗೈಯ ಹಿಂಭಾಗ ಹಿಡಿದು ಬಿಸಿ ಇದೆಯಾ ನೋಡುವುದು, ಇಲ್ಲ ಅನ್ನಿಸಿದರೆ ಮೆಲ್ಲಗೆ ಮುಟ್ಟುವುದು, ಕೆದಕಿ ಇನ್ನೂ ಸ್ವಲ್ಪ ಕೆಳಗೆ ಮುಟ್ಟುವುದು. ಬಿಸಿ ಸಿಕ್ಕರೆ ನೀರು ಹಾಕಿ ಮಣ್ಣಿನ ಜೊತೆ ಕಲಸಿ, ಮತ್ತೆ ಮುಟ್ಟುವುದು. ಅಂಚಿನುದ್ದಕ್ಕೂ, ಮಂಡಿಯೂರಿಕೊಂಡು.